ವಿದ್ಯುತ್ ತಂತಿಯೊಳಗಿನ ಅಪಸ್ವರ

ಯಡ್ರಾವದಲ್ಲಿ ಮಗ್ಗಗಳ ಕಾರಖಾನೆ ನಡೆಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕಳೆದ ಬೇಸಿಗೆಯಲ್ಲಿ ಮನೆಗೆ ಬಂದು, ಹೊಟ್ಟೆಯುಬ್ಬಿದ ಕೆಪ್ಯಾಸಿಟರ್ ಡಬ್ಬಿಯೊಂದನ್ನು ನನ್ನ ಮುಂದಿಟ್ಟನು. "ಗುರುಗಳೇ, ಬಿಲ್ ಕಡಿಮಿ ಆಗಲಿ ಅಂತ ಹಾಕ್ಸಿದ್ದೆ. ಆರು ತಿಂಗಳದಾಗ ಇದು ಮೂರನೇದು. ಇನ್ನಷ್ಟು ಹಾಕ್ಸು ಅಂತಾರ, ಹಾಕ್ಸಲೇನ್ರಿ?" ಎಂದು ಕೇಳಿದನು. ತಕ್ಷಣ ಉತ್ತರ ಹೊಳೆಯಲಿಲ್ಲ. ಅನಂತರ ಬಲ್ಲವರನ್ನು ವಿಚಾರಿಸಿ, ಗ್ರಂಥಗಳನ್ನು ನೋಡಿ ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇನೆ; ಏಕೆಂದರೆ ಈ ಪ್ರಶ್ನೆ ಅವನೊಬ್ಬನದಲ್ಲ.

ಇಚಲಕರಂಜಿಗೆ ವಿದ್ಯುತ್ ಮಗ್ಗ ಬಂದುದು 1904ರಲ್ಲಿ. ಹಳೆಯ ಮಗ್ಗದ ಮೋಟಾರು ಸರಳ ಪ್ರಾಣಿ. ಅದು ಎಳೆದುಕೊಳ್ಳುವ ಪ್ರವಾಹವು ನುಣುಪಾದ ಅಲೆಯಾಗಿಯೇ ಇರುತ್ತದೆ. ವೋಲ್ಟೇಜಿಗಿಂತ ತುಸು ಹಿಂದೆ ಬೀಳುತ್ತದೆ, ಅಷ್ಟೆ. ಕೆಪ್ಯಾಸಿಟರ್ ಈ ಹಿಂಬೀಳಿಕೆಯನ್ನು ಸರಿಪಡಿಸುತ್ತದೆ. ಆದರೆ ಇಂದಿನ ರೇಪಿಯರ್ ಮಗ್ಗಗಳ ವೇಗನಿಯಂತ್ರಕಗಳೂ, ಕೊಲ್ಲಾಪುರದ ಎರಕದ ಕಾರಖಾನೆಗಳ ಇಂಡಕ್ಷನ್ ಕುಲುಮೆಗಳೂ ಬೇರೆ ಜಾತಿಯವು. ಇವು ಮೊದಲು ಎಸಿಯನ್ನು ಡಿಸಿಯಾಗಿ ಮಾರ್ಪಡಿಸುತ್ತವೆ. ಪ್ರವಾಹವನ್ನು ಗುಟುಕು ಗುಟುಕಾಗಿ ನುಂಗುತ್ತವೆ. ಆಗ ಅಲೆಯ ಆಕಾರವೇ ಕೆಡುತ್ತದೆ.

ಎಷ್ಟೇ ವಿಕಾರವಾದ ಅಲೆಯಾದರೂ ಮರುಕಳಿಸುತ್ತಿದ್ದರೆ ಅದು ಹಲವು ನುಣುಪಾದ ಅಲೆಗಳ ಮೊತ್ತವೆಂದು ಫ್ರಾನ್ಸಿನ ಗಣಿತಜ್ಞ ಫೂರಿಯೇ 1822ರ ತನ್ನ ಗ್ರಂಥದಲ್ಲಿ ವಿವರಿಸಿದನು. ನಮ್ಮ ನೆರೆಯ ಮಿರಜಿನ ತಂಬೂರಿಯನ್ನು ಕೇಳಿದವರಿಗೆ ಇದು ಹೊಸತಲ್ಲ. ಖರಜದ ತಂತಿಯನ್ನು ಮೀಟಿದಾಗ ಯಾರೂ ಶ್ರುತಿ ಮಾಡದ ಗಾಂಧಾರವೊಂದು ತಾನಾಗಿ ಕೇಳಿಸುತ್ತದೆ. ಗಾಯಕರು ಅದನ್ನು ಸ್ವಯಂಭೂ ಗಾಂಧಾರವೆನ್ನುತ್ತಾರೆ. ಅದು ಮೂಲ ಕಂಪನದ ಐದು ಪಟ್ಟು. ಸಾಮಾನ್ಯ ವೇಗನಿಯಂತ್ರಕವೂ ನಮ್ಮ 50 ಹರ್ಟ್ಸ್ ತಂತಿಯಲ್ಲಿ ಮುಖ್ಯವಾಗಿ ಹುಟ್ಟಿಸುವುದು ಅದೇ ಐದನೆಯದನ್ನು, ಅಂದರೆ 250 ಹರ್ಟ್ಸ್. ಜೊತೆಗೆ ಏಳನೆಯ, ಹನ್ನೊಂದನೆಯ, ಹದಿಮೂರನೆಯ ಪಟ್ಟುಗಳು. ಇವೇ ಹಾರ್ಮೋನಿಕ್ಸ್. ತಂಬೂರಿಯಲ್ಲಿ ಮಾಧುರ್ಯವಾದುದು ಇಲ್ಲಿ ಟ್ರಾನ್ಸ್‌ಫಾರ್ಮರನ್ನು ಕಾಯಿಸುತ್ತದೆ.

ಕೆಪ್ಯಾಸಿಟರಿನ ಪಾಡು ಇನ್ನೂ ಕಷ್ಟ. ಆವರ್ತನ ಹೆಚ್ಚಿದಷ್ಟೂ ಅದರ ತಡೆ ತಗ್ಗುವುದರಿಂದ ಈ ಉಪತರಂಗಗಳೆಲ್ಲ ಅದರತ್ತಲೇ ನುಗ್ಗುತ್ತವೆ. ಅದಕ್ಕಿಂತ ಘೋರವಾದುದು ಅನುರಣನ. 200 ಕೆವಿಎ ಟ್ರಾನ್ಸ್‌ಫಾರ್ಮರಿನ ಪ್ರತಿರೋಧ ಶೇಕಡಾ 5 ಇದ್ದರೆ ಅದರ ಶಾರ್ಟ್ ಸರ್ಕ್ಯೂಟ್ ಸಾಮರ್ಥ್ಯ 4000 ಕೆವಿಎ. ಅದನ್ನು ಕೆಪ್ಯಾಸಿಟರಿನ ಕೆವಿಎಆರ್‌ನಿಂದ ಭಾಗಿಸಿ ವರ್ಗಮೂಲ ತೆಗೆದರೆ ಅನುರಣನದ ಪಟ್ಟು ಸುಮಾರಾಗಿ ಸಿಗುತ್ತದೆ. ಕೆಪ್ಯಾಸಿಟರ್ 80 ಇದ್ದರೆ ಉತ್ತರ ಏಳು. ಸಾಲದೆಂದು 160 ಮಾಡಿದರೆ ಸರಿಯಾಗಿ ಐದು! ಏಳನೆಯದರ ಬಾಯಿಂದ ತಪ್ಪಿಸಿಕೊಂಡು ಐದನೆಯದರ ಬಾಯಿಗೆ ಬಿದ್ದಂತಾಯಿತು. ಇನ್ನಷ್ಟು ಹಾಕಿಸೆಂಬ ಸಲಹೆ ಎಷ್ಟು ಅಪಾಯಕಾರಿಯೆಂಬುದು ನನಗೆ ಮನದಟ್ಟಾದುದು ಈ ಲೆಕ್ಕದಿಂದಲೇ.

ಹಾಗಾದರೆ ಮಾಡುವುದೇನು? ಮೊದಲು ಅಳೆಯಿಸಬೇಕು, ಅದೂ ಎಲ್ಲ ಮಗ್ಗಗಳು ನಡೆಯುವಾಗ, ಒಂದು ಪಾಳಿ ಪೂರ್ತಿ. ಬಳಿಕ ಕೆಪ್ಯಾಸಿಟರಿಗೆ ಸರಣಿಯಲ್ಲಿ ಶೇಕಡಾ 7ರ ರಿಯಾಕ್ಟರ್ ಜೋಡಿಸಿದರೆ ಆ ಜೋಡಿಯ ಶ್ರುತಿ 189 ಹರ್ಟ್ಸಿಗೆ ಇಳಿಯುತ್ತದೆ. 250ರ ಗೊಡವೆ ತಪ್ಪುತ್ತದೆ. ಆದರೆ ಹಳೆಯ 440 ವೋಲ್ಟಿನ ಕೆಪ್ಯಾಸಿಟರನ್ನೇ ಉಳಿಸಿಕೊಳ್ಳುವುದು ತಪ್ಪು. ರಿಯಾಕ್ಟರಿನಿಂದಾಗಿ ಅದರ ಮೇಲಿನ ವೋಲ್ಟೇಜು ಸುಮಾರು ಏಳೂವರೆ ಪ್ರತಿಶತ ಏರುವುದರಿಂದ ಹೆಚ್ಚಿನ ವೋಲ್ಟೇಜಿನದೇ ಬೇಕು. ವೇಗನಿಯಂತ್ರಕಗಳ ಮುಂದೆ ಚೋಕ್ ಹಾಕಿಸುವುದು ಅಗ್ಗದ ಉಪಾಯ. ದೊಡ್ಡ ಕುಲುಮೆಗಳಿಗೆ ಹನ್ನೆರಡು ಸ್ಪಂದನದ ರೆಕ್ಟಿಫೈಯರ್ ಇಟ್ಟರೆ ಐದು ಮತ್ತು ಏಳು ಬಹುಮಟ್ಟಿಗೆ ಒಂದನ್ನೊಂದು ಅಳಿಸಿಕೊಳ್ಳುತ್ತವೆ.

ನನ್ನನ್ನು ಕಾಡಿದ ಸಂಗತಿ ಮತ್ತೊಂದಿದೆ. ಅಲೆ ಕೆಡಿಸುವವನೊಬ್ಬ, ಮೋಟಾರು ಸುಡಿಸಿಕೊಳ್ಳುವವನು ಇನ್ನೊಬ್ಬ. ಒಂದೇ ಟ್ರಾನ್ಸ್‌ಫಾರ್ಮರಿನ ಮೇಲಿರುವ ಬಡ ನೇಕಾರನ ನಾಲ್ಕು ಸಾದಾ ಮಗ್ಗಗಳೂ ನೆರೆಯವನ ಅಪಸ್ವರವನ್ನು ಉಣ್ಣಬೇಕು. ಅಮೆರಿಕದ ವಿದ್ಯುತ್ ಇಂಜಿನಿಯರರ ಸಂಸ್ಥೆಯು 1981ರಲ್ಲಿಯೇ ಈ ಬಗೆಗೆ 519ನೆಯ ಸಂಖ್ಯೆಯ ಮಾರ್ಗದರ್ಶಿಯನ್ನು ಹೊರಡಿಸಿತು. ಬಳಕೆದಾರನು ಸಾರ್ವಜನಿಕ ತಂತಿಗೆ ಕೂಡುವ ಜಾಗದಲ್ಲಿ ಅಳೆಯಬೇಕೆಂಬುದೇ ಅದರ ತಿರುಳು. ಆದರೆ ನಾಲ್ಕು ಮಗ್ಗದವನ ಬಳಿ ಅಳೆಯುವ ಯಂತ್ರವೆಲ್ಲಿಂದ ಬರಬೇಕು? ಹತ್ತು ಮಂದಿ ಕೂಡಿ ಬಾಡಿಗೆಗೆ ತರಿಸಿದರೆ ಆದೀತು.

ನನ್ನ ವಿದ್ಯಾರ್ಥಿಗೆ, ಹೊಸತನ್ನು ಹಾಕಿಸಬೇಡ, ಮೊದಲು ಅಳೆಯಿಸು ಎಂದೆ. ಅಳೆಯಿಸಿದನು, ಐದನೆಯದೇ ಮುಂದಿತ್ತು. ರಿಯಾಕ್ಟರಿನ ಬೆಲೆ ಕೇಳಿ ಮುಖ ಸಣ್ಣದು ಮಾಡಿಕೊಂಡನಾದರೂ ದೀಪಾವಳಿಯ ಹೊತ್ತಿಗೆ ಹಾಕಿಸುವೆನೆಂದಿದ್ದಾನೆ.