ಕಂಪ್ಯೂಟರ್ ದುರಸ್ತಿ ಮತ್ತು ಜಾಲದ ಕೆಲಸ: ಒಂದು ವೃತ್ತಿಶಿಕ್ಷಣದ ವಿಚಾರ

ಪ್ರತಿವರ್ಷವೂ ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದೊಡನೆ ನಮ್ಮಲ್ಲಿಗೆ ಬರುವ ತಂದೆತಾಯಂದಿರ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ. "ಮಾಸ್ತರೇ, ಇನ್ನು ಇವನನ್ನು ಯಾವುದಕ್ಕೆ ಸೇರಿಸುವುದು? ಕಂಪ್ಯೂಟರಿನ ಕೆಲಸ ಒಳ್ಳೆಯದೆನ್ನುತ್ತಾರೆ. ಆದರೆ ಕನ್ನಡದಲ್ಲಿ ಓದಿದವನಿಂದ ಅದು ಆದೀತೇ?" ಈ ಪ್ರಶ್ನೆಯ ಕೊನೆಯ ಮಾತು ಗಡಿನಾಡಿನ ಕನ್ನಡ ಶಾಲೆಗಳಿಗೆ ಅಳಿವು ಉಳಿವಿನ ಮಾತು. ಏಕೆಂದರೆ, "ಆಗದು" ಎಂಬ ಉತ್ತರವನ್ನು ಮನಸ್ಸಿನಲ್ಲೇ ಹೇಳಿಕೊಂಡ ಹೆತ್ತವರು ಆ ಹುಡುಗನ ತಮ್ಮನನ್ನೋ ತಂಗಿಯನ್ನೋ ಒಂದನೆಯ ತರಗತಿಗೇ ಬೇರೆ ಮಾಧ್ಯಮದ ಶಾಲೆಗೆ ಕಳುಹಿಸಿಬಿಡುತ್ತಾರೆ. ಆದುದರಿಂದ ಈ ಕೆಲಸವೆಂದರೆ ವಾಸ್ತವವಾಗಿ ಏನು, ಅದರ ಶಿಕ್ಷಣ ಎಂತಹುದು, ಅದರಲ್ಲಿ ಕನ್ನಡದಿಂದ ಬರುವ ತೊಡಕೆಷ್ಟು ಎಂಬುದನ್ನು ಈ ಸಂಚಿಕೆಯ ವಾಚಕರ ಮುಂದೆ ಸಾಧ್ಯವಾದಷ್ಟು ಬಿಡಿಸಿ ಇಡಲೆಳಸುತ್ತೇವೆ.

ಮೊದಲು ಒಂದು ಗೊಂದಲವನ್ನು ನಿವಾರಿಸಬೇಕಾಗಿದೆ. "ಕಂಪ್ಯೂಟರಿನ ಕೆಲಸ" ಎಂಬ ಮಾತು "ಆಸ್ಪತ್ರೆಯ ಕೆಲಸ" ಎಂಬಷ್ಟೇ ಅಸ್ಪಷ್ಟವಾದುದು. ಆಸ್ಪತ್ರೆಯಲ್ಲಿ ಶಸ್ತ್ರವೈದ್ಯನೂ ಇದ್ದಾನೆ, ರಕ್ತಪರೀಕ್ಷೆ ಮಾಡುವವನೂ ಇದ್ದಾನೆ, ಎಕ್ಸ್‌ರೇ ತೆಗೆಯುವವನೂ ಇದ್ದಾನೆ. ಅಂತೆಯೇ ಕಂಪ್ಯೂಟರಿಗೆ ಕಾರ್ಯಕ್ರಮಗಳನ್ನು ಬರೆಯುವವರು ಒಂದು ವರ್ಗ. ಯಂತ್ರಗಳನ್ನು ಜೋಡಿಸಿ, ಒಂದಕ್ಕೊಂದು ತಂತಿಯಿಂದ ಬೆಸೆದು, ಕೆಟ್ಟಾಗ ಸರಿಪಡಿಸಿ, ನಿತ್ಯವೂ ಚಾಲನೆಯಲ್ಲಿಡುವವರು ಇನ್ನೊಂದು ವರ್ಗ. ನಾವಿಲ್ಲಿ ಹೇಳಹೊರಟಿರುವುದು ಎರಡನೆಯವರ ವಿಚಾರ. ಇವರ ಕೆಲಸ ಬೆಂಗಳೂರಿನಲ್ಲಿ ಮಾತ್ರ ಇರುವುದಲ್ಲ. ನಮ್ಮ ಕಾಸರಗೋಡು ಜಿಲ್ಲೆಯ ಸಹಕಾರಿ ಸಂಘ, ಗ್ರಾಮಕಚೇರಿ, ಅಕ್ಷಯ ಕೇಂದ್ರ, ಆಸ್ಪತ್ರೆ, ಅಂಗಡಿ, ಇವುಗಳಲ್ಲಿ ಇಂದು ಕಂಪ್ಯೂಟರಿಲ್ಲದ ಮೇಜು ವಿರಳ. ಕೇರಳದಲ್ಲಿ 2018ರಿಂದೀಚೆಗೆ ಎಂಟರಿಂದ ಹನ್ನೆರಡರವರೆಗಿನ ಸುಮಾರು 45 ಸಾವಿರ ತರಗತಿ ಕೊಠಡಿಗಳಿಗೆ ಕಂಪ್ಯೂಟರು ಮತ್ತು ಪ್ರೊಜೆಕ್ಟರು ಬಂದಿವೆ. 2023ರ ಜೂನ್ ತಿಂಗಳಲ್ಲಿ ಕೆ-ಫೋನ್ ಎಂಬ ರಾಜ್ಯದ ಸ್ವಂತ ಗಾಜಿನೆಳೆಯ ಜಾಲವೂ ಉದ್ಘಾಟನೆಗೊಂಡಿತು. ಇಷ್ಟು ಯಂತ್ರಗಳು ಇರುವಲ್ಲಿ ಅವು ಕೆಡುವುದೂ ಇದ್ದೇ ಇದೆ.

ಈ ಕೆಲಸದಲ್ಲಿ ಕೈಯೊಡನೆ ಬುದ್ಧಿಯೂ ಎಷ್ಟು ದುಡಿಯಬೇಕಾಗುತ್ತದೆ ಎಂಬುದಕ್ಕೆ ಒಂದು ತುಂಡು ತಂತಿಯೇ ಸಾಕ್ಷಿ. ಜಾಲದ ತಂತಿಯ ಹೊರಸಿಪ್ಪೆಯನ್ನು ಸುಲಿದರೆ ಒಳಗೆ ಎಂಟು ತಾಮ್ರದ ಎಳೆಗಳು ಎರಡೆರಡಾಗಿ ಹೊಸೆದುಕೊಂಡು ನಾಲ್ಕು ಜೋಡಿಗಳಾಗಿರುವುದು ಕಾಣುತ್ತದೆ. ಹೊಸೆದಿರುವುದು ಅಂದಕ್ಕಲ್ಲ. ನೆರೆಯ ವಿದ್ಯುತ್ ತಂತಿಯಿಂದಲೋ ಫ್ಯಾನಿನ ಮೋಟಾರಿನಿಂದಲೋ ಬರುವ ಕ್ಷೋಭೆಯು ಜೋಡಿಯ ಎರಡೂ ಎಳೆಗಳ ಮೇಲೆ ಬಹುತೇಕ ಸಮವಾಗಿ ಬೀಳುವಂತೆ ಆ ಹೊಸೆತವು ಮಾಡುತ್ತದೆ. ಆಚೆ ತುದಿಯ ಯಂತ್ರವು ಎರಡರ ನಡುವಣ ವ್ಯತ್ಯಾಸವನ್ನಷ್ಟೇ ಓದುವುದರಿಂದ ಸಮವಾಗಿ ಬಂದುದೆಲ್ಲವೂ ಕಳೆದುಹೋಗುತ್ತದೆ. ತುದಿಗೆ ಪ್ಲಗ್ಗನ್ನು ಕೂಡಿಸುವಾಗ ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು ಎಂಬ ಅನುಕ್ರಮ ರೂಢಿಯಲ್ಲಿದೆ. ಹಸಿರಿನ ಜೋಡಿಯು ನೀಲಿಯ ಜೋಡಿಯ ಇಕ್ಕೆಲಗಳಲ್ಲಿ, ಅಂದರೆ ಮೂರನೆಯ ಮತ್ತು ಆರನೆಯ ಸ್ಥಾನಗಳಲ್ಲಿ ಕುಳಿತಿರುವುದನ್ನು ಗಮನಿಸಬೇಕು.

ಹೊಸಬನೊಬ್ಬನು ಇದರ ಮರ್ಮವನ್ನರಿಯದೆ, ನೋಟಕ್ಕೆ ಸರಳವಾಗಲೆಂದು, ಕಿತ್ತಳೆಯ ಜೋಡಿ, ಹಸಿರಿನ ಜೋಡಿ, ನೀಲಿಯ ಜೋಡಿ, ಕಂದಿನ ಜೋಡಿ ಎಂದು ಎರಡು ತುದಿಗಳಲ್ಲೂ ಒಂದೇ ಬಗೆಯಾಗಿ ಕೂಡಿಸಿದನೆನ್ನೋಣ. ಅಗ್ಗದ ಪರೀಕ್ಷಕದಲ್ಲಿ ಎಂಟು ದೀಪಗಳೂ ಸರದಿಯಂತೆ ಬೆಳಗುತ್ತವೆ. ತಂತಿ ಸರಿಯಿದೆಯೆಂದೇ ಅವನು ನಂಬುತ್ತಾನೆ. ಆದರೆ ಯಂತ್ರವು ಮೂರು ಮತ್ತು ಆರನ್ನು ಒಂದು ಜೋಡಿಯೆಂದು ಭಾವಿಸುವುದು; ಇವನ ತಂತಿಯಲ್ಲಿ ಮೂರನೆಯದು ಹಸಿರಿನ ಜೋಡಿಗೆ ಸೇರಿದ್ದು, ಆರನೆಯದು ನೀಲಿಯದಕ್ಕೆ. ಒಂದರೊಡನೊಂದು ಹೊಸೆಯದ ಎಳೆಗಳಲ್ಲಿ ಕ್ಷೋಭೆಯು ಕಳೆಯದೆ ಉಳಿಯುತ್ತದೆ. ಗಿಡ್ಡ ತಂತಿಯಾದರೆ ಹೇಗೋ ನಡೆದೀತು. ಉದ್ದವಾದೊಡನೆ ವೇಗ ಕುಸಿದು, ದೋಷವೆಲ್ಲಿಯೆಂದು ಯಾರಿಗೂ ತಿಳಿಯದೆ ದಿನಗಳು ಕಳೆಯುತ್ತವೆ. ಬಣ್ಣಗಳ ಅನುಕ್ರಮವನ್ನು ಬಾಯಿಪಾಠ ಮಾಡಿದವನಿಗೂ ಅದರ ಕಾರಣವನ್ನು ತಿಳಿದವನಿಗೂ ಇರುವ ಅಂತರವು ಇಂತಹ ದಿನದಲ್ಲಿ ಹೊರಬೀಳುತ್ತದೆ.

ದೋಷವನ್ನು ಹುಡುಕುವ ಕ್ರಮವೇ ಈ ವೃತ್ತಿಯ ಜೀವಾಳವೆಂದು ನಮ್ಮ ಅಭಿಪ್ರಾಯ. ಅಡಿಕೆತೋಟದ ಕೊನೆಯ ಸಾಲಿನ ತುಂತುರು ಕೊಳವೆಗೆ ನೀರು ಬಾರದಿದ್ದಾಗ ಅನುಭವಿಯಾದ ಕೃಷಿಕನು ಇಡೀ ತೋಟವನ್ನು ಅಗೆಯುವುದಿಲ್ಲ. ಪಂಪು ಓಡುತ್ತಿದೆಯೇ, ವಾಲ್ವು ತೆರೆದಿದೆಯೇ, ನಡುವಿನ ಸಾಲಿಗೆ ನೀರು ಬಂದಿದೆಯೇ ಎಂದು ಒಂದೊಂದನ್ನೇ ನೋಡುತ್ತ ಹೋಗುತ್ತಾನೆ. ಸಹಕಾರಿ ಸಂಘದ ಗುಮಾಸ್ತರು "ನೆಟ್ ಇಲ್ಲ" ಎಂದು ಕರೆದಾಗ ತಂತ್ರಜ್ಞನು ಮಾಡತಕ್ಕದ್ದೂ ಇದನ್ನೇ. ತಂತಿ ಸೇರುವಲ್ಲಿ ಚಿಕ್ಕ ದೀಪ ಉರಿಯುತ್ತಿದೆಯೇ? ಉರಿಯುತ್ತಿದ್ದರೆ, ಕಂಪ್ಯೂಟರಿಗೆ ಜಾಲದ ವಿಳಾಸ ದೊರಕಿದೆಯೇ? ವಿಳಾಸವು 169.254 ಎಂದು ಆರಂಭವಾಗಿದ್ದರೆ, ವಿಳಾಸ ಹಂಚುವ ಯಂತ್ರವು ಉತ್ತರಿಸದ ಕಾರಣ ಕಂಪ್ಯೂಟರು ತಾನೇ ಒಂದನ್ನು ಇಟ್ಟುಕೊಂಡಿದೆಯೆಂದು ತಿಳಿಯತಕ್ಕದ್ದು. ವಿಳಾಸ ಸರಿಯಿದ್ದರೆ, ಕಟ್ಟಡದ ಹೆಬ್ಬಾಗಿಲಿನಂತಿರುವ ರೂಟರು ಕೂಗಿಗೆ ಓಗೊಡುತ್ತದೆಯೇ? ಅದೂ ಓಗೊಟ್ಟರೆ, ಹೊರಗಿನ ಯಂತ್ರವೊಂದು ಸಂಖ್ಯೆಯಿಂದ ಕರೆದಾಗ ಓಗೊಟ್ಟು ಹೆಸರಿನಿಂದ ಕರೆದಾಗ ಸುಮ್ಮನಿದೆಯೇ? ಹಾಗಿದ್ದರೆ ದೋಷವು ತಂತಿಯಲ್ಲಿಲ್ಲ, ಹೆಸರನ್ನು ಸಂಖ್ಯೆಗೆ ತಿರುಗಿಸುವ ಏರ್ಪಾಡಿನಲ್ಲಿದೆ. ಐದು ಪ್ರಶ್ನೆಗಳಲ್ಲಿ ದೋಷದ ಮನೆ ಗೊತ್ತಾಯಿತು. ಈ ವಿವೇಚನೆಗೆ ಯಾವ ಭಾಷೆಯ ಹಂಗೂ ಇಲ್ಲವೆಂಬುದನ್ನು ಹೆತ್ತವರು ಗಮನಿಸಬೇಕೆಂದು ಕೋರುತ್ತೇವೆ.

ಕೆಲವೊಮ್ಮೆ ರೋಗವೊಂದೆಡೆ, ಲಕ್ಷಣವಿನ್ನೊಂದೆಡೆ. ಹಳೆಯ ಕಂಪ್ಯೂಟರೊಂದರಲ್ಲಿ ಬ್ಯಾಂಕಿನ ಪುಟವಾಗಲಿ ಸರಕಾರದ ಪುಟವಾಗಲಿ ತೆರೆಯುವುದಿಲ್ಲ, ಎಚ್ಚರಿಕೆಯ ಮಾತೊಂದೇ ಬರುತ್ತದೆ. ತಂತಿ, ವಿಳಾಸ ಎಲ್ಲವೂ ಸರಿ. ಕೊನೆಗೆ ನೋಡಿದರೆ ಒಳಗಿನ 3 ವೋಲ್ಟಿನ ನಾಣ್ಯದಾಕಾರದ ಬ್ಯಾಟರಿ ಸತ್ತು, ಯಂತ್ರದ ಗಡಿಯಾರವು ಎಷ್ಟೋ ವರ್ಷ ಹಿಂದಕ್ಕೆ ಸರಿದಿರುತ್ತದೆ! ಸುರಕ್ಷಿತ ಪುಟಗಳ ಪ್ರಮಾಣಪತ್ರಕ್ಕೆ ಆರಂಭದ ದಿನವೂ ಮುಕ್ತಾಯದ ದಿನವೂ ಇರುತ್ತವೆ. ತಪ್ಪು ದಿನಾಂಕದ ಯಂತ್ರಕ್ಕೆ ಆ ಪತ್ರವು ಇನ್ನೂ ಹುಟ್ಟೇ ಇಲ್ಲ. ಅಲ್ಪಬೆಲೆಯ ಬ್ಯಾಟರಿಯಿಂದ ಮುಗಿಯುವ ಕೆಲಸಕ್ಕೆ ಹೊಸ ಕಂಪ್ಯೂಟರನ್ನೇ ಕೊಳ್ಳಿಸುವವರೂ ಇದ್ದಾರೆಂಬುದು ಬೇರೆ ಮಾತು.

ಶಾಲೆಯ ಪಾಠಗಳು ಇಲ್ಲಿ ವ್ಯರ್ಥವಾಗುವುದಿಲ್ಲ. ಜಾಲದ ವಿಳಾಸದ ಒಂದೊಂದು ಭಾಗವೂ 0ಯಿಂದ 255ರವರೆಗೆ ಮಾತ್ರ ಏಕಿರುತ್ತದೆ? ಅದು ಎಂಟು ಸ್ಥಾನಗಳ ದ್ವಿಮಾನ ಸಂಖ್ಯೆ. ಎರಡರ ಎಂಟನೆಯ ಘಾತ 256. ಅಂತಹ ನಾಲ್ಕು ಭಾಗಗಳು ಸೇರಿದರೆ ಎರಡರ ಮೂವತ್ತೆರಡನೆಯ ಘಾತ, ಅಂದರೆ 4,29,49,67,296 ವಿಳಾಸಗಳು. ಲೋಕದ ಯಂತ್ರಗಳಿಗೆ ಇದು ಸಾಲದೆ ಹೋದುದರಿಂದಲೇ ಮನೆಮನೆಗಳಲ್ಲಿ 192.168 ಎಂದು ಆರಂಭವಾಗುವ ಒಳವಿಳಾಸಗಳು ಬಳಕೆಗೆ ಬಂದುವು. 128 ಸ್ಥಾನಗಳ ಹೊಸ ಕ್ರಮವೂ ಬಂದಿತು. ಗಾಜಿನೆಳೆಯಲ್ಲಿ ಬೆಳಕು ಹೊರಕ್ಕೆ ಸೋರದೆ ಸಾಗುವುದು ಪೂರ್ಣ ಆಂತರಿಕ ಪ್ರತಿಫಲನದಿಂದ. ನಮ್ಮ ಮಕ್ಕಳು ಇದನ್ನು ಭೌತಶಾಸ್ತ್ರದ ಪಾಠದಲ್ಲಿ ಕನ್ನಡದಲ್ಲೇ ಓದಿರುತ್ತಾರೆ. ದೂರದ ಜಾಲಗಳಲ್ಲಿ ಬಳಸುವ ಎಳೆಯ ದಪ್ಪ 125 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಎಂಟನೆಯ ಒಂದು ಪಾಲು. ಬೆಳಕು ಸಾಗುವ ನಡುತಿರುಳು ಸುಮಾರು 9 ಮೈಕ್ರಾನ್ ಮಾತ್ರ. ಅಂತಹ ಎರಡು ತುದಿಗಳನ್ನು ಎದುರುಬದುರಾಗಿಟ್ಟು ವಿದ್ಯುತ್ ಕಿಡಿಯಿಂದ ಬೆಸೆಯುವಾಗ ಧೂಳಿನ ಕಣವೊಂದು ಸಿಕ್ಕಿದರೂ ಕೆಲಸ ಕೆಟ್ಟಿತು. ಆ ಎಳೆಯ ತುದಿಯನ್ನು ಎಂದಿಗೂ ಕಣ್ಣಿಗೆ ಹಿಡಿದು ನೋಡಕೂಡದು. ಅದರಲ್ಲಿನ ಬೆಳಕು ಕಣ್ಣಿಗೆ ಕಾಣದ ಅವಗೆಂಪು ಬೆಳಕು; ಕಾಣದೆಯೇ ಕಣ್ಣನ್ನು ಕೆಡಿಸಬಲ್ಲದು.

ನಮ್ಮ ಕರಾವಳಿಯಲ್ಲಿ ಇನ್ನೊಂದು ಶತ್ರುವಿದೆ: ತುಲಾಮಾಸದ ಗುಡುಗುಮಳೆ. ಸಿಡಿಲು ದೂರದಲ್ಲಿ ಬಿದ್ದರೂ ತಾಮ್ರದ ತಂತಿಯ ಮೂಲಕ ಒಳನುಗ್ಗಿ ಯಂತ್ರಗಳನ್ನು ಸುಡುತ್ತದೆ. ಇದಕ್ಕೆ ಸರಿಯಾದ ಭೂಸಂಪರ್ಕವು ಅವಶ್ಯ. ಆದರೆ ಮುರಕಲ್ಲಿನ ಗುಡ್ಡೆಯ ಒಣನೆಲವು ವಿದ್ಯುತ್ತನ್ನು ಸುಲಭವಾಗಿ ಹೀರುವುದಿಲ್ಲ. ಇದ್ದಿಲು ಉಪ್ಪು ತುಂಬಿದ ಗುಂಡಿಗೆ ಬೇಸಗೆಯಲ್ಲಿ ನೀರೆರೆಯುವ ಹಳೆಯ ಪದ್ಧತಿಯ ಹಿಂದಿರುವ ಕಾರಣ ಇದುವೇ.

ಇನ್ನು ಶಿಕ್ಷಣದ ಮಾತು. ಭಾರತ ಸರಕಾರವು 1950ರಲ್ಲಿ ಆರಂಭಿಸಿದ ಕುಶಲಕರ್ಮಿ ತರಬೇತಿ ಯೋಜನೆಯ ಅಡಿಯಲ್ಲಿ ನಡೆಯುವ ಐ.ಟಿ.ಐ.ಗಳಲ್ಲಿ ಈ ಕೆಲಸಕ್ಕೆ ನೇರವಾಗಿ ಸಂಬಂಧಿಸಿದ ಎರಡು ತರಗತಿಗಳಿವೆ. ಒಂದು, ಕಂಪ್ಯೂಟರ್ ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ಮೆಯಿಂಟೆನೆನ್ಸ್. ಇದರ ಅವಧಿ ಒಂದು ವರ್ಷ. ಇನ್ನೊಂದು, ಇನ್ಫರ್ಮೇಶನ್ ಕಮ್ಯುನಿಕೇಶನ್ ಟೆಕ್ನಾಲಜಿ ಸಿಸ್ಟಮ್ ಮೆಯಿಂಟೆನೆನ್ಸ್. ಇದು ಎರಡು ವರ್ಷಗಳದು. ಎರಡಕ್ಕೂ ಹತ್ತನೆಯ ತರಗತಿಯ ತೇರ್ಗಡೆ ಸಾಕು. 'ಕೋಪ' ಎಂದು ಕರೆಯಲ್ಪಡುವ ಕಂಪ್ಯೂಟರ್ ಆಪರೇಟರ್ ತರಗತಿಯನ್ನು ಇವುಗಳೊಡನೆ ಬೆರೆಸಬಾರದು. ಅದು ಯಂತ್ರವನ್ನು ಬಳಸುವವರ ಶಿಕ್ಷಣ. ಎಲ್ಲ ಐ.ಟಿ.ಐ.ಗಳಲ್ಲೂ ಎಲ್ಲ ತರಗತಿಗಳು ಇರುವುದಿಲ್ಲವಾದ ಕಾರಣ ಅರ್ಜಿ ಹಾಕುವ ಮುನ್ನ ವಿಚಾರಿಸಿಕೊಳ್ಳತಕ್ಕದ್ದು. ಮನೆಯ ಅನುಕೂಲವಿದ್ದರೆ ಎರಡು ವರ್ಷದ್ದನ್ನೇ ಆರಿಸಿಕೊಳ್ಳಿರೆಂದು ನಾವು ಸಲಹೆ ಕೊಡುತ್ತೇವೆ. ಹತ್ತನೆಯ ತರಗತಿಯ ಮೇಲೆ ಎರಡು ವರ್ಷದ ಐ.ಟಿ.ಐ. ಮುಗಿಸಿದವರಿಗೆ ತಕ್ಕ ವಿಷಯದ ಪಾಲಿಟೆಕ್ನಿಕ್ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ಬಾಗಿಲು ನಿಯಮಾನುಸಾರ ತೆರೆದಿರುತ್ತದೆ. ಒಂದು ವರ್ಷದವರಿಗೆ ಅದಿಲ್ಲ. ಐ.ಟಿ.ಐ. ಆದ ಬಳಿಕ 1961ರ ಅಪ್ರೆಂಟಿಸ್ ಕಾಯಿದೆಯಂತೆ ಉದ್ಯಮವೊಂದರಲ್ಲಿ ಭತ್ಯೆ ಪಡೆಯುತ್ತ ಕೆಲಸ ಕಲಿಯುವ ಅವಕಾಶವೂ ಇದೆ. ಇವೆಲ್ಲವೂ ಹೆಣ್ಣುಮಕ್ಕಳಿಗೂ ಅಷ್ಟೇ ಅನ್ವಯಿಸತಕ್ಕವು. ಗಾಜಿನೆಳೆಯನ್ನು ಬೆಸೆಯುವ ಕೆಲಸಕ್ಕೆ ಬೇಕಾದುದು ತೋಳ್ಬಲವಲ್ಲ.

ಊರೂರಿನಲ್ಲಿ ತಲೆಯೆತ್ತಿರುವ ಖಾಸಗಿ ತರಬೇತಿ ಕೇಂದ್ರಗಳ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಹಣ ಕಟ್ಟುವ ಮೊದಲು ಒಳಹೊಕ್ಕು ನೋಡಿರಿ. ಬಿಚ್ಚಿ ಜೋಡಿಸಲು ಎಷ್ಟು ಯಂತ್ರಗಳಿವೆ, ಒಂದೊಂದರ ಸುತ್ತ ಎಷ್ಟು ಮಂದಿ ನಿಂತಿದ್ದಾರೆ, ಅವರು ಕೊಡುವ ಪ್ರಮಾಣಪತ್ರವನ್ನು ಮಾನ್ಯ ಮಾಡುವವರು ಯಾರು, ಈ ಮೂರನ್ನು ಕೇಳಿದರೆ ಬಹಳಷ್ಟು ತಿಳಿಯುತ್ತದೆ. ಗೋಡೆಯ ಮೇಲಿನ ಚಿತ್ರಗಳಿಂದಲೇ ಪಾಠ ಮುಗಿಸುವ ಕೇಂದ್ರಗಳೂ ಇವೆ.

ಕೊನೆಯದಾಗಿ ಭಾಷೆಯ ತೊಡಕು. ತೊಡಕೇ ಇಲ್ಲವೆಂದು ಹೇಳುವುದು ಪ್ರಾಮಾಣಿಕವಾಗದು. ಕೇರಳದ ಐ.ಟಿ.ಐ.ಗಳಲ್ಲಿ ಬೋಧಕರ ಮಾತು ಬಹುಮಟ್ಟಿಗೆ ಮಲಯಾಳ. ಪಾರಿಭಾಷಿಕ ಪದಗಳು ಇಂಗ್ಲಿಷು. ಯಂತ್ರವು ತೋರಿಸುವ ದೋಷಸೂಚನೆಗಳೂ, ಜತೆಗೆ ಬರುವ ಕೈಪಿಡಿಗಳೂ ಇಂಗ್ಲಿಷಿನಲ್ಲಿರುತ್ತವೆ. ಮುಂದೆ ಸಿಸ್ಕೋ ಸಂಸ್ಥೆಯ ಸಿ.ಸಿ.ಎನ್.ಎ.ಯಂತಹ ಪರೀಕ್ಷೆಗೆ ಕುಳಿತುಕೊಳ್ಳಬೇಕೆನ್ನುವವನಿಗೆ ಇಂಗ್ಲಿಷನ್ನು ಸರಾಗವಾಗಿ ಓದುವ ಅಭ್ಯಾಸ ಬೇಕೇ ಬೇಕು. ಆ ಅರ್ಹತೆಯೂ ಮೂರು ವರ್ಷಗಳಿಗೊಮ್ಮೆ ನವೀಕರಿಸಬೇಕಾದುದು. ಆದರೆ ಓದಿ ತಿಳಿಯುವ ಇಂಗ್ಲಿಷು ಬೇರೆ, ಒಂದನೆಯ ತರಗತಿಯಿಂದ ಎಲ್ಲವನ್ನೂ ಇಂಗ್ಲಿಷಿನಲ್ಲಿ ಉರುಹೊಡೆಯುವುದು ಬೇರೆ. 'ವಿಭವಾಂತರ'ವೆಂದರೇನೆಂದು ತನ್ನ ನುಡಿಯಲ್ಲಿ ಮನಗಂಡ ಹುಡುಗನಿಗೆ ಅದರ ಇಂಗ್ಲಿಷ್ ಹೆಸರನ್ನು ಕಲಿಯಲು ಒಂದು ದಿನ ಸಾಕು. ಅರ್ಥವಾಗದೆ ಹೆಸರನ್ನಷ್ಟೇ ಕಲಿತವನು ತಂತಿಯ ಮುಂದೆ ನಿಂತಾಗ ಆ ಹೆಸರು ಅವನ ನೆರವಿಗೆ ಬಾರದು. ಅಲ್ಲದೆ 2001ರಲ್ಲಿ ಐ.ಟಿ. ಅಟ್ ಸ್ಕೂಲ್ ಎಂದು ಆರಂಭವಾಗಿ 2017ರಲ್ಲಿ ಕೈಟ್ ಎಂಬ ಹೆಸರು ತಳೆದ ಕೇರಳದ ಯೋಜನೆಯ ಮೂಲಕ ನಮ್ಮ ಮಕ್ಕಳು ಪ್ರೌಢಶಾಲೆಯಲ್ಲಿ ಐ.ಟಿ. ಪಾಠವನ್ನು ಕನ್ನಡ ಪುಸ್ತಕದಿಂದಲೇ ಓದುತ್ತಿದ್ದಾರೆ, ಲಿನಕ್ಸ್ ಯಂತ್ರಗಳಲ್ಲಿ ಕೈಯಾಡಿಸುತ್ತಿದ್ದಾರೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವ ಮಗು ಹತ್ತು ಅಂಗಡಿಗಳಿಗೆ ಹೋಗಿ ಹತ್ತು ಮಂದಿಯ ದೂರನ್ನು ಕೇಳಬೇಕಾದ ಈ ವೃತ್ತಿಗೆ ಯಾರಿಗಿಂತಲೂ ಕಡಮೆಯಲ್ಲ.

ಆರಂಭದ ಸಂಬಳ ದೊಡ್ಡದಲ್ಲ. ಬ್ಯಾಂಕು ಮುಚ್ಚಿದ ಮೇಲೆ ರಾತ್ರಿ ಕೆಲಸ ಮಾಡಬೇಕಾದ ದಿನಗಳೂ ಉಂಟು. ಇದನ್ನು ತಿಳಿದೇ ಬರತಕ್ಕದ್ದು. ಸರಕಾರದಿಂದ ಬಂದ ಯಂತ್ರಗಳನ್ನು ಬಿಚ್ಚುವುದಕ್ಕೆ ನಮಗೆ ಅಧಿಕಾರವಿಲ್ಲ. ಆದರೆ ಸಂಘದ ಹಿತೈಷಿಗಳು ದಾನವಾಗಿತ್ತ ಎರಡು ಹಳೆಯ ಕಂಪ್ಯೂಟರುಗಳು ಶಾಲೆಯ ಅಟ್ಟದ ಮೇಲಿವೆ. ಅವುಗಳ ಕವಚವನ್ನು ಕಳಚಿ, ಒಳಗಿನ ಭಾಗಗಳನ್ನು ಒಂದೊಂದಾಗಿ ತೆಗೆದು ಮರಳಿ ಕೂಡಿಸುವ ಅಭ್ಯಾಸವನ್ನು ಈ ವರ್ಷ ಶನಿವಾರಗಳಂದು ಒಂಬತ್ತನೆಯ ತರಗತಿಯವರಿಗೆ ಮಾಡಿಸಬೇಕೆಂದಿದ್ದೇವೆ. ಒಂದು ಮಲ್ಟಿಮೀಟರು, ಪ್ಲಗ್ ಒತ್ತುವ ಇಕ್ಕುಳ ಮತ್ತು ಒಂದು ಸುರುಳಿ ತಂತಿ ಬೇಕಾಗಿದೆ. ಈ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಂದು ಶನಿವಾರ ಬಂದು ಮಕ್ಕಳ ಜತೆ ಕುಳಿತರೆ ನಾವು ಋಣಿಗಳಾಗಿರುವೆವು.