ಬಿಡಿಭಾಗಗಳಿಗೆ ಎಷ್ಟು ನಿರ್ಬಂಧ ಬೇಕು? ಗಣಕ ವಿನ್ಯಾಸದಲ್ಲಿ ಜೋಡಣೆಯ ತತ್ತ್ವ

ಪುಣೆ, ಚೆನ್ನೈ ಮೊದಲಾದ ಮಹಾನಗರಗಳ ವಾಹನ ಹಾಗೂ ಯಂತ್ರೋಪಕರಣ ಉದ್ಯಮಗಳಲ್ಲಿ ವಿನ್ಯಾಸಕಾರರಾಗಿ ದುಡಿಯುತ್ತಿರುವ ಕನ್ನಡಿಗರು ಅನೇಕರಿದ್ದಾರೆ. ಹೊಸದಾಗಿ ಈ ಕ್ಷೇತ್ರಕ್ಕೆ ಕಾಲಿಡುವ ನಮ್ಮ ಯುವಕ ಯುವತಿಯರು ಗಣಕಯಂತ್ರದಲ್ಲಿ ಒಂದೊಂದು ಬಿಡಿಭಾಗವನ್ನು ರೂಪಿಸುವುದನ್ನು ಬೇಗನೆ ಕಲಿಯುತ್ತಾರೆ. ಆದರೆ ಆ ಭಾಗಗಳನ್ನು ಒಂದುಗೂಡಿಸುವ ಹಂತದಲ್ಲಿ, ಅಂದರೆ ಅಸೆಂಬ್ಲಿಯಲ್ಲಿ, ಎಡವುವುದುಂಟು. ಪರದೆಯ ಮೇಲೆ ಸರಿಯಾಗಿ ಕಂಡದ್ದೆಲ್ಲ ಸರಿಯಾದ ಜೋಡಣೆ ಎಂಬ ಭಾವನೆಯೇ ಇದಕ್ಕೆ ಮುಖ್ಯ ಕಾರಣ. ಈ ವಿಷಯವನ್ನು ಆದಷ್ಟು ಸರಳವಾಗಿ ವಿವರಿಸಲು ಇಲ್ಲಿ ಯತ್ನಿಸಿದ್ದೇವೆ.

ಇರಿಸುವುದು ಬೇರೆ, ಬಂಧಿಸುವುದು ಬೇರೆ

ಒಂದು ಭಾಗವನ್ನು ಮೌಸ್‌ನಿಂದ ಎಳೆದು ಬೇಕಾದ ಕಡೆ ಇರಿಸಬಹುದು. ಆದರೆ ಅದು ಅಲ್ಲಿಯೇ ಏಕೆ ಇರಬೇಕೆಂಬುದು ಗಣಕಕ್ಕೆ ತಿಳಿದಿರುವುದಿಲ್ಲ. ಹೀಗೆ ಸುಮ್ಮನೆ ಇರಿಸಿದ ಬ್ರಾಕೆಟ್ ಒಂದು ಯಾರ ಅರಿವಿಗೂ ಬಾರದಂತೆ 2 ಮಿ.ಮೀ. ಸರಿಯಿತೆಂದು ಭಾವಿಸೋಣ. ಅದನ್ನು ಆಧರಿಸಿ ಪಕ್ಕದ ಫಲಕದಲ್ಲಿ ರಂಧ್ರವನ್ನು ಗುರುತಿಸಿದ್ದರೆ ಆ ರಂಧ್ರವೂ 2 ಮಿ.ಮೀ. ತಪ್ಪುತ್ತದೆ. ನಕ್ಷೆ ಕಾರ್ಖಾನೆಗೆ ಹೋಗಿ, ಲೋಹ ಕೊರೆದು, ಬೋಲ್ಟ್ ಕೂರದಿದ್ದಾಗಲೇ ತಪ್ಪು ಬೆಳಕಿಗೆ ಬರುತ್ತದೆ. ಆದ್ದರಿಂದ ಭಾಗ ಭಾಗಗಳ ನಡುವಿನ ಸಂಬಂಧವನ್ನು ಗಣಕಕ್ಕೆ ತಿಳಿಸುವುದು ಅವಶ್ಯ. ಈ ಸಂಬಂಧಕ್ಕೆ ಸಾಲಿಡ್‌ವರ್ಕ್ಸ್ ತಂತ್ರಾಂಶದಲ್ಲಿ ಮೇಟ್ ಎಂದೂ, ಕಾಟಿಯಾದಲ್ಲಿ ಕನ್‌ಸ್ಟ್ರೇಂಟ್ ಎಂದೂ ಹೆಸರು. ನಾವಿಲ್ಲಿ ನಿರ್ಬಂಧ ಎನ್ನೋಣ.

ಆರು ಬಗೆಯ ಸ್ವಾತಂತ್ರ್ಯ

ಅವಕಾಶದಲ್ಲಿ ತೇಲುವ ಯಾವುದೇ ಗಟ್ಟಿ ವಸ್ತುವಿಗೆ ಆರು ಬಗೆಯ ಚಲನ ಸ್ವಾತಂತ್ರ್ಯವಿದೆ. ಪರಸ್ಪರ ಲಂಬವಾದ ಮೂರು ಅಕ್ಷಗಳ ಗುಂಟ ಅದು ಸರಿಯಬಲ್ಲದು. ಅದೇ ಮೂರು ಅಕ್ಷಗಳ ಸುತ್ತ ತಿರುಗಬಲ್ಲದು. ಪ್ರತಿಯೊಂದು ನಿರ್ಬಂಧವೂ ಇವುಗಳಲ್ಲಿ ಕೆಲವನ್ನು ಕಸಿದುಕೊಳ್ಳುತ್ತದೆ.

ಬಾಗಿಲಿನ ತಿರುಗಣಿಯನ್ನು ಗಮನಿಸಿ. ಚೌಕಟ್ಟಿಗೆ ಹೊಡೆದ ಪಟ್ಟಿ ಸ್ಥಿರ. ಬಾಗಿಲಿಗೆ ಹೊಡೆಯುವ ಪಟ್ಟಿಯ ರಂಧ್ರವೂ ಸ್ಥಿರ ಪಟ್ಟಿಯ ರಂಧ್ರವೂ ಒಂದೇ ಅಕ್ಷದಲ್ಲಿರಬೇಕೆಂದು ವಿಧಿಸಿದೊಡನೆ ನಾಲ್ಕು ಸ್ವಾತಂತ್ರ್ಯಗಳು ಹೋಗುತ್ತವೆ. ಅಕ್ಷದ ಗುಂಟ ಸರಿಯುವುದು ಮತ್ತು ಅಕ್ಷದ ಸುತ್ತ ತಿರುಗುವುದು ಮಾತ್ರ ಉಳಿಯುತ್ತವೆ. ಎರಡು ಪಟ್ಟಿಗಳ ತುದಿಮುಖಗಳು ಒಂದನ್ನೊಂದು ತಾಗಿರಬೇಕೆಂದರೆ ಸರಿಯುವಿಕೆಯೂ ನಿಲ್ಲುತ್ತದೆ. ಉಳಿದದ್ದು ತಿರುಗುವಿಕೆಯೊಂದೇ. ಅದು ಬಾಗಿಲಿನ ಧರ್ಮವಾದ್ದರಿಂದ ಅದನ್ನು ಕಟ್ಟಬಾರದು. ಭಾಗವೊಂದು ತನ್ನ ಕಾರ್ಯಕ್ಕೆ ಬೇಕಾದ ಚಲನೆಯನ್ನು ಮಾತ್ರ ಉಳಿಸಿಕೊಂಡು ಮಿಕ್ಕೆಲ್ಲವನ್ನೂ ತ್ಯಜಿಸಬೇಕು. ಜೋಡಣೆಯ ಮೂಲಸೂತ್ರ ಇದೇ.

ಎಂಜಿನ್ ಕಲಿಸುವ ಪಾಠ

ಎಂಜಿನ್ನಿನಲ್ಲಿ ಈ ಸೂತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಸಿಲಿಂಡರ್ ಬ್ಲಾಕ್ ಸ್ಥಿರ. ಬೇರಿಂಗ್‌ಗಳಲ್ಲಿ ಕೂತ ಕ್ರ್ಯಾಂಕ್‌ಶಾಫ್ಟ್‌ಗೆ ತಿರುಗುವ ಸ್ವಾತಂತ್ರ್ಯವೊಂದು. ಅದರ ಪಿನ್ನಿಗೆ ಹಾಕಿದ ಕನೆಕ್ಟಿಂಗ್ ರಾಡ್‌ಗೆ ಆ ಪಿನ್ನಿನ ಸುತ್ತ ತೂಗಾಡುವ ಸ್ವಾತಂತ್ರ್ಯವೊಂದು. ಸಿಲಿಂಡರಿನೊಳಗಿನ ಪಿಸ್ಟನ್‌ಗೆ ಮೇಲೆ ಕೆಳಗೆ ಸರಿಯುವ ಹಾಗೂ ತನ್ನಷ್ಟಕ್ಕೇ ತಿರುಗುವ ಸ್ವಾತಂತ್ರ್ಯಗಳೆರಡು. ಒಟ್ಟು ನಾಲ್ಕು. ಇನ್ನು ರಾಡಿನ ಸಣ್ಣ ತುದಿಯನ್ನು ಪಿಸ್ಟನ್ನಿನ ಪಿನ್ ರಂಧ್ರದೊಡನೆ ಏಕಾಕ್ಷಗೊಳಿಸಿದರೆ ಮೂರು ಹೋಗಿ ಒಂದೇ ಉಳಿಯುತ್ತದೆ. ಕ್ರ್ಯಾಂಕನ್ನು ತಿರುಗಿಸಿದರೆ ಪಿಸ್ಟನ್ ಮೇಲೆ ಕೆಳಗೆ ಆಡುತ್ತದೆ!

ಈ ಹಂತದಲ್ಲಿ ಉತ್ಸಾಹಿಗಳು, ರಾಡ್ ಪಿಸ್ಟನ್ನಿನ ನಡುಮಧ್ಯದಲ್ಲಿಯೇ ಇರಬೇಕೆಂಬ ಇನ್ನೊಂದು ನಿರ್ಬಂಧವನ್ನೂ ಸೇರಿಸುವುದುಂಟು. ಆದರೆ ರಾಡಿನ ದೊಡ್ಡ ತುದಿಯನ್ನು ಕ್ರ್ಯಾಂಕ್‌ಪಿನ್ನಿನ ಮೇಲೆ ಕೂರಿಸಿದಾಗಲೇ ಅದರ ಪಕ್ಕದ ಸ್ಥಾನ ನಿರ್ಧಾರವಾಗಿದೆ. ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಎರಡು ಆಜ್ಞೆಗಳು ಪರಸ್ಪರ ವಿರೋಧಿಸುತ್ತವೆ. ತಂತ್ರಾಂಶ ದೋಷವನ್ನು ಸೂಚಿಸುತ್ತದೆ. ನಿಜವಾದ ಎಂಜಿನ್ನಿನಲ್ಲಿಯೂ ರಾಡನ್ನು ಪಕ್ಕಕ್ಕೆ ಸರಿಯದಂತೆ ಸಾಮಾನ್ಯವಾಗಿ ಒಂದು ತುದಿಯಲ್ಲಿ ಮಾತ್ರ ಹಿಡಿದು, ಇನ್ನೊಂದು ತುದಿಗೆ ಸಡಿಲು ಬಿಡುತ್ತಾರೆ.

ಅತಿಯಾದರೆ ಕೇಡು

ಎರಡು ಫಲಕಗಳನ್ನು ಎರಡು ಡಾವೆಲ್ ಪಿನ್ನುಗಳಿಂದ ಕೂಡಿಸಬೇಕೆನ್ನೋಣ. ಒಂದರಲ್ಲಿ ರಂಧ್ರಗಳ ಅಂತರ 50 ಮಿ.ಮೀ., ಇನ್ನೊಂದರಲ್ಲಿ 50.02 ಮಿ.ಮೀ. ಇದ್ದರೆ ಮೊದಲ ಜೊತೆ ರಂಧ್ರಗಳು ಏಕಾಕ್ಷವಾಗುತ್ತವೆ, ಎರಡನೆಯ ಜೊತೆಯನ್ನು ಗಣಕ ಒಪ್ಪದು. ಎರಡರಲ್ಲಿಯೂ 50 ಎಂದೇ ಬರೆದಿದ್ದರೆ ಗಣಕ ಸಾಮಾನ್ಯವಾಗಿ ತಕರಾರಿಲ್ಲದೆ ಒಪ್ಪಿಬಿಡುತ್ತದೆ. ಅಪಾಯವಿರುವುದು ಈ ಮೌನದಲ್ಲಿಯೇ. ಏಕೆಂದರೆ ಕಾರ್ಖಾನೆಯಲ್ಲಿ ಕೊರೆದ ಯಾವ ಎರಡು ಅಂತರಗಳೂ ಪರಿಪೂರ್ಣವಾಗಿ ಸಮನಾಗಿರುವುದಿಲ್ಲ. ಆದ್ದರಿಂದಲೇ ಅನುಭವಿಗಳು ಒಂದು ರಂಧ್ರವನ್ನು ದುಂಡಗೂ ಇನ್ನೊಂದನ್ನು ಉದ್ದನೆಯ ಸೀಳಿನಂತೆಯೂ ಇಡುತ್ತಾರೆ. ಇಲ್ಲವೇ ಎರಡನೆಯ ಪಿನ್ನನ್ನು ವಜ್ರಾಕೃತಿಗೆ ಕಡೆಯುತ್ತಾರೆ. ಮೊದಲನೆಯದು ಸ್ಥಾನವನ್ನು ಹಿಡಿಯುತ್ತದೆ, ಎರಡನೆಯದು ತಿರುಗುವುದನ್ನು ಮಾತ್ರ ತಡೆಯುತ್ತದೆ.

ಜಿಗ್, ಫಿಕ್ಸ್ಚರ್‌ಗಳನ್ನು ತಯಾರಿಸುವವರು ಪಾಲಿಸುವ 3-2-1 ನಿಯಮದ ಮರ್ಮವೂ ಇದೇ. ತಳಕ್ಕೆ ಮೂರು ಬಿಂದುಗಳ ಆಸರೆ, ಒಂದು ಪಕ್ಕಕ್ಕೆ ಎರಡು, ಇನ್ನೊಂದು ಪಕ್ಕಕ್ಕೆ ಒಂದು; ಒಟ್ಟು ಆರು. ನಮ್ಮ ಹಿರಿಯರ ಮುಕ್ಕಾಲಿ ಎಂಥ ಅಂಕುಡೊಂಕು ನೆಲದ ಮೇಲೂ ಕುಲುಕದೆ ನಿಲ್ಲುತ್ತದೆ. ನಾಲ್ಕನೆಯ ಕಾಲು ಬಂದೊಡನೆ ಅಡಿಗೆ ಕಾಗದ ಮಡಿಸಿ ಇಡುವ ಪ್ರಸಂಗ ಬರುತ್ತದೆ.

ಪಾಲಿಸಬೇಕಾದ ಕೆಲವು ಅಂಶಗಳು

ಮೊದಲನೆಯದಾಗಿ, ಯಂತ್ರದ ಬುನಾದಿಯಾದ ಭಾಗವನ್ನೇ ಮೊದಲು ತಂದು ಸ್ಥಿರಗೊಳಿಸಬೇಕು. ಉಳಿದ ಭಾಗಗಳನ್ನು ಆದಷ್ಟು ಅದಕ್ಕೇ ಸಂಬಂಧಿಸಬೇಕು. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟುತ್ತ ಹೋದರೆ ಮೊದಲ ಕೊಂಡಿ ಕಳಚಿದಾಗ ಸರಪಳಿಯೆಲ್ಲ ಸಡಿಲುತ್ತದೆ.

ಎರಡನೆಯದಾಗಿ, ನಿರ್ಬಂಧಗಳನ್ನು ಮೂಲ ಸಮತಲಗಳಿಗೆ, ಅಕ್ಷಗಳಿಗೆ ಕೊಡುವುದು ಲೇಸು. ಚೂಪು ಅಂಚಿಗೆ ಕೊಟ್ಟ ನಿರ್ಬಂಧ, ನಾಳೆ ಆ ಅಂಚನ್ನು ಫಿಲೆಟ್‌ನಿಂದ ದುಂಡಗಾಗಿಸಿದಾಗ ಆಧಾರವನ್ನೇ ಕಳೆದುಕೊಳ್ಳುತ್ತದೆ.

ಮೂರನೆಯದಾಗಿ, ಪ್ರತಿ ಭಾಗವನ್ನೂ ಕೂರಿಸಿದ ನಂತರ ಮೌಸ್‌ನಿಂದ ಎಳೆದು ನೋಡಬೇಕು. ಆಡಬಾರದ್ದು ಆಡಿದರೆ ನಿರ್ಬಂಧ ಸಾಲದು. ಆಡಬೇಕಾದದ್ದು ಆಡದಿದ್ದರೆ ಹೆಚ್ಚಾಗಿದೆ. ದೋಷ ಕಂಡಾಗ ಹೊಸ ನಿರ್ಬಂಧ ಸೇರಿಸುವ ಬದಲು, ಇರುವುದರಲ್ಲಿ ಯಾವುದು ಅನಗತ್ಯವೆಂದು ಹುಡುಕಬೇಕು.

ಹಿನ್ನೋಟ

ಈ ವಿಚಾರ ಹೊಸದೇನಲ್ಲ. ಅಮೆರಿಕದ ಎಂ.ಐ.ಟಿ.ಯಲ್ಲಿ ಐವನ್ ಸದರ್ಲೆಂಡ್ 1963ರಲ್ಲಿ ತಮ್ಮ ಸ್ಕೆಚ್‌ಪ್ಯಾಡ್ ಕುರಿತು ಸಲ್ಲಿಸಿದ ಮಹಾಪ್ರಬಂಧದಲ್ಲಿಯೇ, ರೇಖೆಗಳು ಸಮಾಂತರವಾಗಿರಲಿ ಎಂದು ವಿಧಿಸಿದರೆ ಗಣಕವೇ ಅದನ್ನು ಪಾಲಿಸುವ ವ್ಯವಸ್ಥೆಯನ್ನು ತೋರಿಸಿದ್ದರು. 1980ರ ದಶಕದ ಕೊನೆಯಲ್ಲಿ ಪ್ರೊ-ಎಂಜಿನಿಯರ್, 1995ರಲ್ಲಿ ಸಾಲಿಡ್‌ವರ್ಕ್ಸ್ ಬಂದವು. 2024ರ ನವೆಂಬರ್‌ನಲ್ಲಿ ಬಿಡುಗಡೆಯಾದ ಫ್ರೀಕ್ಯಾಡ್ 1.0 ಆವೃತ್ತಿಯಲ್ಲಿ ಜೋಡಣೆಯ ವಿಭಾಗ ಅಡಕವಾಗಿಯೇ ಬಂದಿದೆ. ಅದು ಉಚಿತವಾದ್ದರಿಂದ ದುಬಾರಿ ತಂತ್ರಾಂಶ ಕೊಳ್ಳಲಾಗದ ವಿದ್ಯಾರ್ಥಿಗಳೂ ಮನೆಯಲ್ಲಿಯೇ ಅಭ್ಯಾಸ ಮಾಡಬಹುದು.

ತಂತ್ರಾಂಶಗಳು ಬದಲಾಗುತ್ತವೆ, ಗುಂಡಿಗಳ ಹೆಸರುಗಳೂ ಬದಲಾಗುತ್ತವೆ. ಆದರೆ ಆರು ಸ್ವಾತಂತ್ರ್ಯಗಳ ಲೆಕ್ಕ ಬದಲಾಗದು. ಒಂದು ಭಾಗವನ್ನು ಕೂರಿಸುವ ಮುನ್ನ ಇದರ ಕೆಲಸವೇನು, ಯಾವ ಚಲನೆ ಉಳಿಯಬೇಕು ಎಂದು ಕೇಳಿಕೊಳ್ಳುವ ಅಭ್ಯಾಸ ಬೆಳೆದರೆ, ಬೋಲ್ಟ್ ಕೂರದ ರಂಧ್ರ ಲೋಹಕ್ಕೆ ಇಳಿಯುವ ಮೊದಲೇ ಪರದೆಯ ಮೇಲೆ ಸಿಕ್ಕಿಬೀಳುತ್ತದೆ.