ಹದಿಹರೆಯದ ರಗ್ಬಿ: ಗಾತ್ರದ ಭ್ರಮೆ, ತರಬೇತಿಯ ಸತ್ಯ

ರಗ್ಬಿ ಎಂದರೆ ಧಡೂತಿ ಮೈಯವರ ಆಟ ಎಂಬ ನಂಬಿಕೆ ಹಳೆಯದು. ಹದಿಹರೆಯದವರ ತರಬೇತಿಯಲ್ಲಿ ಆಗುವ ಬಹುಪಾಲು ಎಡವಟ್ಟುಗಳ ಬೇರು ಇರುವುದೂ ಅದರಲ್ಲೇ. 13 ವರ್ಷದ ಹುಡುಗ ದಪ್ಪಗಿದ್ದರೆ, ಎರಡೂ ತಂಡದವರು ಹೆಗಲೊಡ್ಡಿ ತಳ್ಳಾಡುವ ಸ್ಕ್ರಮ್‌ನ ಮುಂದಿನ ಸಾಲಿಗೆ ನೂಕುತ್ತಾರೆ, ಸಣಕಲನಾಗಿದ್ದರೆ ಅಂಚಿನ ವಿಂಗ್ ಸ್ಥಾನಕ್ಕೆ ಅಟ್ಟುತ್ತಾರೆ. ಅಲ್ಲಿಗೆ ಇಬ್ಬರ ಕಲಿಕೆಯೂ ನಿಂತಂತೆ. ದಪ್ಪಗಿರುವವನಿಗೆ ಪಾಸ್ ಮಾಡುವುದನ್ನು ಯಾರೂ ಹೇಳಿಕೊಡುವುದಿಲ್ಲ, ಸಣಕಲನಿಗೆ ಚೆಂಡು ಹಿಡಿದವನನ್ನು ಕೆಡವುವ ಟ್ಯಾಕಲ್ ಕಲಿಸುವುದಿಲ್ಲ. ಆಟದ ಮೇಲ್ಮಟ್ಟದಲ್ಲಿ ಲೆಕ್ಕ ಬೇರೆಯೇ ಇದೆ. 2021ರಲ್ಲಿ ವಿಶ್ವದ ಶ್ರೇಷ್ಠ ಆಟಗಾರನೆನಿಸಿಕೊಂಡು, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್‌ಗೆ ಏಳು ಜನರ ರಗ್ಬಿಯಾದ ಸೆವೆನ್ಸ್‌ನಲ್ಲಿ ಚಿನ್ನ ಗೆದ್ದುಕೊಡಲು ನೆರವಾದ ಆಂಟೊಯಿನ್ ಡುಪಾಂಟ್ ಎತ್ತರ 1.74 ಮೀಟರ್. 2019ರ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಟ್ರೈ ಗಳಿಸಿದ ದಕ್ಷಿಣ ಆಫ್ರಿಕಾದ ಚೆಸ್ಲಿನ್ ಕೋಲ್ಬೆ ಅವನಿಗಿಂತಲೂ ಗಿಡ್ಡ.

ಹದಿನಾಲ್ಕರ ವಯಸ್ಸಿನಲ್ಲಿ ಗಾತ್ರವನ್ನು ಪ್ರತಿಭೆ ಎಂದು ತಿಳಿಯುವುದಕ್ಕೆ ಕಾರಣ ಸರಳ. ಹುಡುಗಿಯರು ಸುಮಾರು 12ರಲ್ಲಿ, ಹುಡುಗರು ಸುಮಾರು 14ರಲ್ಲಿ ಅತಿ ವೇಗವಾಗಿ ಎತ್ತರವಾಗುತ್ತಾರೆ. ಆದರೆ ಇದು ಸರಾಸರಿ ಮಾತು. ಒಂದೇ ತರಗತಿಯ ಇಬ್ಬರು ಹುಡುಗರ ದೇಹದ ಬೆಳವಣಿಗೆಯಲ್ಲಿ ಮೂರ್ನಾಲ್ಕು ವರ್ಷಗಳ ಅಂತರ ಇರಬಹುದು. ಮೊದಲೇ ಬೆಳೆದವನು ಕೆಲಕಾಲ ಎಲ್ಲರನ್ನೂ ಕೆಡವಿ ಓಡುತ್ತಾನೆ. ಉಳಿದವರು ಅವನ ಮಟ್ಟಕ್ಕೆ ಬಂದಾಗ ಅವನ ಕೈಯಲ್ಲಿ ಕೌಶಲ ಇಲ್ಲದಿರುವುದು ಬಯಲಾಗುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಕಿರಿಯರ ರಗ್ಬಿಗೆ ವಯಸ್ಸಿನ ಜೊತೆ ತೂಕದ ಮಿತಿಯನ್ನೂ ಇಟ್ಟಿರುವುದು ಈ ಅಂತರಕ್ಕೆ ಕಂಡುಕೊಂಡ ಒಂದು ಪರಿಹಾರ. ಕೋಚ್ ಆದವರು ಮೂರು ತಿಂಗಳಿಗೊಮ್ಮೆ ಮಕ್ಕಳ ಎತ್ತರ ಅಳೆದು ಬರೆದಿಟ್ಟರೂ ಬಹಳಷ್ಟು ತಿಳಿಯುತ್ತದೆ. ಎತ್ತರ ದಿಢೀರನೆ ಏರುವ ತಿಂಗಳುಗಳಲ್ಲಿ ಮೂಳೆ ಮುಂದೆ ಹೋಗಿ ಸ್ನಾಯು ಹಿಂದೆ ಉಳಿದಿರುತ್ತದೆ. ನಿನ್ನೆಯವರೆಗೆ ಚುರುಕಾಗಿದ್ದ ಹುಡುಗ ಆಗ ಕಾಲು ಎಡವುತ್ತಾನೆ, ಮೊಣಕಾಲ ಚಿಪ್ಪಿನ ಕೆಳಗೆ ನೋವು ಎನ್ನುತ್ತಾನೆ. ಅದನ್ನು ಸೋಮಾರಿತನ ಎಂದು ಬೈದು ಇನ್ನಷ್ಟು ಓಡಿಸುವುದು ತಪ್ಪು. ಆ ಅವಧಿಯಲ್ಲಿ ಜಿಗಿತ ಮತ್ತು ಓಟವನ್ನು ಇಳಿಸಬೇಕು.

ಭಾರ ಎತ್ತಿದರೆ ಎತ್ತರ ನಿಲ್ಲುತ್ತದೆ ಎಂಬ ಭಯ ಮನೆಮನೆಯಲ್ಲೂ ಇದೆ. ಇದಕ್ಕೆ ಆಧಾರ ಸಿಕ್ಕಿಲ್ಲ. ಮೂಳೆಯ ತುದಿಯ ಬೆಳವಣಿಗೆ ಪದರಕ್ಕೆ ಗಾಯವಾದ ಪ್ರಕರಣಗಳಲ್ಲಿ ಎದ್ದು ಕಾಣುವುದು ತಪ್ಪು ಭಂಗಿ, ಮೀರಿದ ತೂಕ, ನೋಡಿಕೊಳ್ಳುವವರು ಇಲ್ಲದಿರುವುದು. ತಿಳಿದವರ ಕಣ್ಣೆದುರು ವಾರಕ್ಕೆ ಎರಡು ಮೂರು ದಿನ, ನಡುವೆ ಬಿಡುವು ಕೊಟ್ಟು ಮಾಡುವ ಶಕ್ತಿ ತರಬೇತಿ ಹದಿಹರೆಯದವರಿಗೆ ಸುರಕ್ಷಿತ. ಅದು ಮೂಳೆಯನ್ನೂ ಗಟ್ಟಿ ಮಾಡುತ್ತದೆ. ಶುರು ಮಾಡಬೇಕಾದದ್ದು ಬಾರ್‌ಬೆಲ್‌ನಿಂದಲ್ಲ, ನಮ್ಮ ಗರಡಿಗಳ ದಂಡ-ಬಸ್ಕಿಯಿಂದಲೇ. ಬೆನ್ನು ನೇರ ಇಟ್ಟು, ಮೊಣಕಾಲು ಒಳಕ್ಕೆ ವಾಲದಂತೆ ಬಸ್ಕಿ ಹೊಡೆಯಲು ಬಾರದ ಹುಡುಗನ ಹೆಗಲ ಮೇಲೆ ತೂಕ ಇಡುವುದರಲ್ಲಿ ಅರ್ಥವಿಲ್ಲ. ಹುಡುಗಿಯರಲ್ಲಿ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜಿನ ಗಾಯ ಹುಡುಗರಿಗಿಂತ ಹೆಚ್ಚು. ಆದ್ದರಿಂದ ಜಿಗಿದು ಇಳಿಯುವ ಸರಿಯಾದ ಕ್ರಮವನ್ನು ಅವರಿಗೆ ಮೊದಲೇ ಕಲಿಸಬೇಕು.

ನಿಜಕ್ಕೂ ಎತ್ತರವನ್ನು ಮೊಟಕುಗೊಳಿಸಬಲ್ಲದ್ದು ಸ್ಟೀರಾಯ್ಡ್. ಅನಾಬಾಲಿಕ್ ಸ್ಟೀರಾಯ್ಡ್‌ಗಳು ಬೆಳವಣಿಗೆ ಪದರವನ್ನು ಕಾಲಕ್ಕೆ ಮುಂಚೆ ಮುಚ್ಚಿಸುತ್ತವೆ. ದಕ್ಷಿಣ ಆಫ್ರಿಕಾದ 18 ವರ್ಷದೊಳಗಿನವರ ಕ್ರೇವನ್ ವೀಕ್ ಪಂದ್ಯಾವಳಿಯಲ್ಲೇ ಶಾಲಾ ಬಾಲಕರು ಇವನ್ನು ಸೇವಿಸಿ ಸಿಕ್ಕಿಬಿದ್ದದ್ದುಂಟು. ಜಿಮ್‌ನಲ್ಲಿ ಕೈಗೆ ಕೊಡುವ ಡಬ್ಬಿಯ ಪುಡಿಯೂ ಹದಿಹರೆಯದವರಿಗೆ ಅಗತ್ಯವಿಲ್ಲ. ಮೊಟ್ಟೆ, ಬೇಳೆ, ಹಾಲು, ಕಡಲೆಕಾಯಿ, ಮೀನುಗಳಿಂದ ಸಿಗದ ಪ್ರೋಟೀನ್ ಅದರಲ್ಲಿಲ್ಲ. ಚೀಟಿಯಲ್ಲಿ ಬರೆಯದ ವಸ್ತುಗಳು ಬೆರೆತಿರುವ ಅಪಾಯ ಮಾತ್ರ ಇದೆ. 13ರಿಂದ 18ರವರೆಗಿನವರಿಗೆ ಬೇಕಾದ 8ರಿಂದ 10 ತಾಸಿನ ನಿದ್ದೆಯ ಬಗ್ಗೆ ಈ ಪುಡಿಯ ಮೇಲಿರುವ ಕಾಳಜಿಯ ಅರ್ಧದಷ್ಟನ್ನೂ ಯಾರೂ ತೋರುವುದಿಲ್ಲ.

ಮೈದಾನಕ್ಕೆ ಹತ್ತು ಸುತ್ತು ಓಡಿಸಿದರೆ ಫಿಟ್‌ನೆಸ್ ಬಂತು ಎಂಬುದು ಇನ್ನೊಂದು ಭ್ರಮೆ. ಸೆವೆನ್ಸ್ ಪಂದ್ಯ ತಲಾ 7 ನಿಮಿಷಗಳ ಎರಡು ಅವಧಿ. ಅಷ್ಟರೊಳಗೆ ಆಟಗಾರ ಕೆಲವೇ ಸೆಕೆಂಡು ಶಕ್ತಿ ಮೀರಿ ಓಡುತ್ತಾನೆ, ಬೀಳುತ್ತಾನೆ, ಏಳುತ್ತಾನೆ, ಮತ್ತೆ ಓಡುತ್ತಾನೆ. ಒಂದೇ ವೇಗದ ದೂರದ ಓಟ ಇದಕ್ಕೆ ಸಿದ್ಧ ಮಾಡುವುದಿಲ್ಲ. ಚಿಕ್ಕ ಜಾಗದಲ್ಲಿ ನಾಲ್ಕು ನಾಲ್ಕು ಜನರ, ಕೆಡವದೆ ಮುಟ್ಟಿ ತಡೆಯುವ ಟಚ್ ರಗ್ಬಿ ಆಡಿಸಿದರೆ ದಮ್ಮೂ ಹೆಚ್ಚುತ್ತದೆ, ಪಾಸೂ ಕಲಿತಂತಾಗುತ್ತದೆ.

ಟ್ಯಾಕಲ್‌ಗೆ ಗುಂಡಿಗೆ ಒಂದಿದ್ದರೆ ಸಾಕು ಎನ್ನುವ ಮಾತು ಇವೆಲ್ಲಕ್ಕಿಂತ ಅಪಾಯಕಾರಿ. ರಗ್ಬಿಯ ಗಾಯಗಳಲ್ಲಿ ಸುಮಾರು ಅರ್ಧ ಟ್ಯಾಕಲ್‌ನಲ್ಲೇ ಆಗುತ್ತವೆ. ಟ್ಯಾಕಲ್ ಒಂದು ಕಸುಬು, ಅದಕ್ಕೆ ಕ್ರಮವಿದೆ. ಚೆಂಡು ಹಿಡಿದವನ ಹತ್ತಿರ ಬಂದಂತೆ ಹೆಜ್ಜೆ ಚಿಕ್ಕದಾಗಬೇಕು. ಮುಂದಿನ ಪಾದ ಅವನ ಪಾದದ ಸಮೀಪಕ್ಕೆ ಹೋಗಬೇಕು. ದೂರದಿಂದಲೇ ಹಾರಿ ಬಿದ್ದವನ ಭುಜಕ್ಕೆ ಬಲವಿರುವುದಿಲ್ಲ. ಸೊಂಟ ಮಡಿಸಿ, ಬೆನ್ನು ನೇರ ಇಟ್ಟು, ಕಣ್ಣು ತೆರೆದು, ಅವನ ಸೊಂಟಕ್ಕೂ ತೊಡೆಗೂ ನಡುವೆ ಭುಜ ತಾಗಿಸಬೇಕು. ಪಕ್ಕದಿಂದ ಟ್ಯಾಕಲ್ ಮಾಡುವಾಗ ತಲೆ ಅವನ ದೇಹದ ಹಿಂಬದಿಗೆ ಇರಬೇಕು. ಮುಂಬದಿಗೆ ಹೋದರೆ ಓಡುವ ಮೊಣಕಾಲೋ ಬೀಳುವ ಮೈಯೋ ನೇರ ತಲೆಗೇ ಅಪ್ಪಳಿಸುತ್ತದೆ. ಆಮೇಲೆ ಎರಡೂ ಕೈಗಳಿಂದ ಬಿಗಿಯಾಗಿ ತಬ್ಬಿ, ಕಾಲಿನಿಂದ ಮುಂದಕ್ಕೆ ಒತ್ತಬೇಕು. ಇದನ್ನು ಮೊದಲು ಮಂಡಿಯೂರಿ, ನಂತರ ನಡೆಯುತ್ತಾ, ಆಮೇಲೆ ನಿಧಾನ ಓಟದಲ್ಲಿ, ಕೊನೆಗೆ ಪೂರ್ಣ ವೇಗದಲ್ಲಿ ಕಲಿಸುವುದು ರೂಢಿ. ಎಡ ಭುಜಕ್ಕೂ ಬಲ ಭುಜಕ್ಕೂ ಸಮ ಅಭ್ಯಾಸ ಬೇಕು. ಟ್ಯಾಕಲ್‌ಗೆ ಒಳಗಾಗಿ ಬೀಳುವುದನ್ನೂ ಕಲಿಸಬೇಕು. ಬಹಳ ಕಡೆ ಇದನ್ನು ಮರೆತೇಬಿಡುತ್ತಾರೆ.

ಕಬಡ್ಡಿಯಿಂದ ಬಂದ ಮಕ್ಕಳಿಗೆ ಹಿಡಿತ ಹೊಸದಲ್ಲ ಎಂಬುದು ನಿಜ. ಆದರೆ ರೈಡರನ್ನು ಹಿಡಿದು ನಿಲ್ಲಿಸುವುದೇ ಅಲ್ಲಿನ ಗುರಿ. ರಗ್ಬಿಯಲ್ಲಿ ಎದುರಾಳಿ ನೆಲಕ್ಕೆ ಬಿದ್ದ ತಕ್ಷಣ ಅವನನ್ನು ಬಿಟ್ಟುಬಿಡಬೇಕು, ಇಲ್ಲವಾದರೆ ಪೆನಾಲ್ಟಿ. ಹಳೆಯ ಅಭ್ಯಾಸ ಇಲ್ಲಿ ಎದುರಾಳಿಗೇ ಉಪಕಾರ ಮಾಡುತ್ತದೆ. ಮೇಲಿಂದ ಹಿಡಿಯುವುದೂ ಈಗ ಕಷ್ಟವಾಗಿದೆ: ಇಂಗ್ಲೆಂಡ್‌ನ ಸ್ಥಳೀಯ ಮಟ್ಟದ ರಗ್ಬಿಯಲ್ಲಿ 2023ರಿಂದ ಎದೆಮೂಳೆಯ ತಳಕ್ಕಿಂತ ಮೇಲೆ ಟ್ಯಾಕಲ್ ಮಾಡುವಂತಿಲ್ಲ. 19 ವರ್ಷದೊಳಗಿನವರ ಸ್ಕ್ರಮ್‌ನಲ್ಲಿ ಎದುರಾಳಿಯನ್ನು ಒಂದೂವರೆ ಮೀಟರ್‌ಗಿಂತ ಹೆಚ್ಚು ತಳ್ಳಬಾರದೆಂಬ ನಿಯಮವೂ ಇದೆ.

ಪಾಸ್ ವಿಷಯದಲ್ಲಿ ಮಕ್ಕಳೆಲ್ಲ ಟಿವಿಯಲ್ಲಿ ಕಂಡ ತಿರುಗುವ ಪಾಸನ್ನೇ ಮೊದಲು ಕಲಿಯಲು ಹಟ ಹಿಡಿಯುತ್ತಾರೆ. ಅದು ದೂರಕ್ಕೆ ಮಾತ್ರ ಸರಿ. ಐದಾರು ಮೀಟರ್‌ಗೆ ತಿರುಗದ ನೇರ ಪಾಸ್ ಬೇಗ ಹೊರಡುತ್ತದೆ, ಹಿಡಿಯಲೂ ಸುಲಭ. ಬಲಗೈಯವರಿಗೆ ಎಡಕ್ಕೆ ಪಾಸ್ ಮಾಡುವುದು ಸಲೀಸು, ಬಲಕ್ಕೆ ಕಷ್ಟ. ಅಭ್ಯಾಸದ ಹೆಚ್ಚು ಪಾಲು ಆ ಕಷ್ಟದ ಕಡೆಗೇ ಸಲ್ಲಬೇಕು.

ಎರಡು ಸುತ್ತು ಓಡಿ ಕೈಕಾಲು ಚಾಚಿದರೆ ಮೈ ಬಿಸಿಯಾಯಿತು ಎಂದುಕೊಳ್ಳುವವರಿಗೆ 2017ರಲ್ಲಿ ಪ್ರಕಟವಾದ ಬಾತ್ ವಿಶ್ವವಿದ್ಯಾಲಯದ ಅಧ್ಯಯನ ಉತ್ತರ ಕೊಟ್ಟಿದೆ. ಇಂಗ್ಲೆಂಡ್‌ನ 40 ಶಾಲೆಗಳ 14ರಿಂದ 18 ವರ್ಷದ ಹುಡುಗರಲ್ಲಿ, ಸಮತೋಲನ, ದಿಕ್ಕು ಬದಲಿಸುವ ಓಟ, ಜಿಗಿತ, ಕತ್ತಿನ ಬಲ ಸೇರಿದ 20 ನಿಮಿಷದ ವ್ಯಾಯಾಮವನ್ನು ವಾರಕ್ಕೆ ಮೂರು ಸಲ ಮಾಡಿದ ತಂಡಗಳಲ್ಲಿ ಪಂದ್ಯದ ಗಾಯಗಳು 72% ಕಡಿಮೆಯಾದವು. ಮಿದುಳಿನ ಆಘಾತ, ಅಂದರೆ ಕನ್‌ಕಷನ್, 59% ತಗ್ಗಿತು. ವರ್ಲ್ಡ್ ರಗ್ಬಿ ಇದನ್ನು ‘ಆಕ್ಟಿವೇಟ್’ ಹೆಸರಿನಲ್ಲಿ ಉಚಿತವಾಗಿ ಹಂಚುತ್ತಿದೆ.

ಮೆತ್ತನೆಯ ಟೋಪಿ ಹಾಕಿದರೆ ಕನ್‌ಕಷನ್ ಆಗುವುದಿಲ್ಲ ಎಂಬ ನಂಬಿಕೆಯೂ ಹುಸಿ. ಆ ಟೋಪಿ ಕಿವಿಯನ್ನೂ ತಲೆಯ ಚರ್ಮವನ್ನೂ ಕಾಯುತ್ತದೆ, ತಲೆಬುರುಡೆಯೊಳಗೆ ಅದುರುವ ಮಿದುಳನ್ನಲ್ಲ. ಪ್ರಜ್ಞೆ ತಪ್ಪದಿದ್ದರೆ ಕನ್‌ಕಷನ್ ಅಲ್ಲ ಎನ್ನುವವರೂ ಇದ್ದಾರೆ. ಹೆಚ್ಚಿನ ಪ್ರಕರಣಗಳಲ್ಲಿ ಪ್ರಜ್ಞೆ ತಪ್ಪುವುದೇ ಇಲ್ಲ. ತಲೆನೋವು, ಮಂಕು, ವಾಕರಿಕೆ, ಸ್ಕೋರ್ ಎಷ್ಟೆಂದು ಮರೆಯುವುದು, ಇವುಗಳಲ್ಲಿ ಒಂದು ಕಂಡರೂ ಆ ದಿನದ ಆಟ ಮುಗಿಯಿತು. 2011ರಲ್ಲಿ ಉತ್ತರ ಐರ್ಲೆಂಡ್‌ನ ಶಾಲಾ ಪಂದ್ಯವೊಂದರಲ್ಲಿ ತಲೆಗೆ ಪೆಟ್ಟು ಬಿದ್ದ ಮೇಲೂ ಆಟ ಮುಂದುವರಿಸಿದ 14 ವರ್ಷದ ಬಾಲಕ, ಮತ್ತೆ ಪೆಟ್ಟು ತಿಂದು ತೀರಿಕೊಂಡ. ಬ್ರಿಟನ್ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಕನ್‌ಕಷನ್ ಆದ ಆಟಗಾರ 21 ದಿನಗಳಿಗೆ ಮೊದಲು ಪಂದ್ಯಕ್ಕೆ ಮರಳುವಂತಿಲ್ಲ. ಅದರಲ್ಲೂ ಕೊನೆಯ 14 ದಿನ ವಿಶ್ರಾಂತಿಯಲ್ಲಿರುವಾಗ ಯಾವ ಲಕ್ಷಣವೂ ಕಾಣಿಸಿಕೊಂಡಿರಬಾರದು. ವಿದ್ಯಾರ್ಥಿಗಳಾದರೆ ಮೊದಲು ತರಗತಿಯಲ್ಲಿ ಪೂರ್ತಿ ದಿನ ಕೂತು ಪಾಠ ಕೇಳುವಂತಾಗಬೇಕು, ಆಮೇಲೆ ಮೈದಾನ.